ಸ-ಗ-ಪ ಕೆಳಗಿಳಿದರೆ ಯಾಕೆ ರಾಡಿಯಾಗುತ್ತದೆ?

ಹತ್ತಿರದಲ್ಲಿ ಕೀಬೋರ್ಡ್ ಇದ್ದರೆ ಒಂದು ಪ್ರಯೋಗ ಮಾಡಿ ನೋಡಿ. ಫೋನಿನ ಪಿಯಾನೊ ಆ್ಯಪ್ ಆದರೂ ಸಾಕು, ಆದರೆ ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ. ನಡುವಿನ ಸಿ ಮನೆಗಿಂತ ಒಂದು ಸ್ಥಾಯಿ ಮೇಲೆ ಹೋಗಿ ಸಿ, ಇ, ಜಿ ಮೂರನ್ನೂ ಒಟ್ಟಿಗೆ ಒತ್ತಿ. ಸಿ ಯನ್ನು ಷಡ್ಜ ಅಂದುಕೊಂಡರೆ ಅದು ಸ-ಗ-ಪ. ತಿಳಿಯಾಗಿ, ಹಗುರವಾಗಿ ಕೇಳುತ್ತದೆ. ಈಗ ಅದೇ ಮೂರನ್ನು ಮೂರು ಸ್ಥಾಯಿ ಕೆಳಗೆ ಒತ್ತಿ. ಬರೀ ರಾಡಿ. ಯಾವ ಸ್ವರ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಸ್ವರಗಳು ಅವೇ, ಅವುಗಳ ನಡುವಿನ ಅಂತರವೂ ಅದೇ. ಹಾಗಾದರೆ ಕೆಟ್ಟಿದ್ದು ಏನು?

ನಾನು ಸಂಯೋಜನೆ ಕಲಿಯಲು ಹೊರಟಾಗ ಮೊದಲು ಎಡವಿದ್ದು ಇಲ್ಲೇ. "ಕೆಳಗಿನ ಸ್ವರಗಳನ್ನು ದೂರ ದೂರ ಇಡಿ, ಮೇಲೆ ಹೋದಂತೆ ಹತ್ತಿರ ತನ್ನಿ" ಎಂಬ ನಿಯಮ ಕೈಗೆ ಸಿಕ್ಕಿತು. ಪಾಲಿಸಿದೆ, ರಾಡಿ ಹೋಯಿತು. ಆದರೆ ಯಾಕೆ ಹೋಯಿತು ಅಂತ ಗೊತ್ತಾಗಲಿಲ್ಲ. ಉತ್ತರ ಸಿಕ್ಕಿದ್ದು ಸಂಗೀತದ ಪುಸ್ತಕದಲ್ಲಿ ಅಲ್ಲ, ಶಬ್ದದ ಭೌತಶಾಸ್ತ್ರದಲ್ಲಿ. ಅಲ್ಲಿಂದ ಮುಂದೆ ಸಂಗೀತ ರಚನೆಯ ಒಂದೊಂದೇ ನಿಯಮವನ್ನು ಕೆರೆದು ನೋಡಿದರೆ, ಅದರಡಿಯಲ್ಲಿ ಒಂದು ತಂತಿಯೋ, ಕಿವಿಯೋ, ಗೋಡೆಯೋ ಕಾಣತೊಡಗಿತು.

ತಂತಿಯಿಂದಲೇ ಶುರು ಮಾಡೋಣ.

ಮೀಟಿದ ತಂತಿ ಬರೀ ಮೇಲೆ ಕೆಳಗೆ ಅಲ್ಲಾಡುತ್ತದೆ ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಒಂದೇ ಹೊತ್ತಿಗೆ ಹಲವು ರೀತಿ ಅಲ್ಲಾಡುತ್ತದೆ. ಇಡೀ ತಂತಿ ಸೆಕೆಂಡಿಗೆ 110 ಸಲ ಕಂಪಿಸಿದರೆ, ಅದರ ಜೊತೆಗೇ ಅರ್ಧರ್ಧ ಭಾಗವಾಗಿ 220 ಸಲ, ಮೂರು ಭಾಗವಾಗಿ 330 ಸಲ, ನಾಲ್ಕು ಭಾಗವಾಗಿ 440 ಸಲ, ಹೀಗೆ 550, 660 ಅಂತ ಏಣಿ ಹತ್ತುತ್ತಾ ಹೋಗುತ್ತದೆ. ತಂತಿಯ ಎರಡೂ ತುದಿ ಕಟ್ಟಿರುವುದರಿಂದ ಸರಿಯಾಗಿ ಪಾಲಾಗುವ ಅಲೆಗಳಿಗೆ ಮಾತ್ರ ಅಲ್ಲಿ ಜಾಗ. ಈ ಮೆಟ್ಟಿಲುಗಳಿಗೆ ಹಾರ್ಮೋನಿಕ್ಸ್ ಎನ್ನುತ್ತಾರೆ. ನಮಗೆ ಕೇಳುವುದು ಒಂದೇ ಸ್ವರ. ಒಳಗಿರುವುದು ಒಂದು ಗುಂಪು.

ಈ ಗುಂಪನ್ನು ಸ್ವರಗಳ ಹೆಸರಲ್ಲಿ ಬರೆದು ನೋಡಿ. 110 ಸ. 220 ಮೇಲಿನ ಸ. 330 ಅದರ ಪ. 440 ಇನ್ನೂ ಮೇಲಿನ ಸ. 550 ಅದರ ಗ, ಅಂದರೆ ಅಂತರ ಗಾಂಧಾರ. 660 ಮತ್ತೆ ಪ. ನಾಲ್ಕನೆಯದು, ಐದನೆಯದು, ಆರನೆಯದು ಸೇರಿದರೆ ಸ-ಗ-ಪ! ಯಾರೂ ಕೂತು ಜೋಡಿಸಿದ್ದಲ್ಲ. ಪ್ರತಿ ತಂತಿಯೊಳಗೂ ಅದು ಮೊದಲೇ ಇದೆ.

ಮೆಟ್ಟಿಲುಗಳ ನಡುವಿನ ಜಾಗವನ್ನೂ ಗಮನಿಸಿ. ಮೊದಲ ಎರಡರ ನಡುವೆ ಇಡೀ ಒಂದು ಸ್ಥಾಯಿ. ಆಮೇಲೆ ಸ-ಪ ಅಂತರ. ಮೇಲೆ ಹೋದಂತೆ ಇಕ್ಕಟ್ಟಾಗುತ್ತಾ, ಎಂಟು-ಒಂಬತ್ತನೆಯದರ ನಡುವೆ ಬರೀ ಸ-ರಿ ಅಂತರ ಉಳಿಯುತ್ತದೆ. ಕೆಳಗೆ ದೂರ, ಮೇಲೆ ಹತ್ತಿರ. ನನಗೆ ಸಿಕ್ಕಿದ್ದ ನಿಯಮ ಇದೇ ಅಲ್ವಾ? ಹಾಗೆ ಜೋಡಿಸಿದ ಸ್ವರಮೇಳ ಒಂದು ದೊಡ್ಡ ತಂತಿಯ ಹಾಗೆ ಕೇಳುತ್ತದೆ, ಕಿವಿ ಅದನ್ನು ಸಲೀಸಾಗಿ ಒಪ್ಪಿಕೊಳ್ಳುತ್ತದೆ.

ಇದು ಅರ್ಧ ಉತ್ತರ ಮಾತ್ರ. ಉಳಿದರ್ಧ ಕಿವಿಯೊಳಗಿದೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಕೊಳವೆ ಇದೆ. ಅದರೊಳಗೆ ಸುಮಾರು 35 ಮಿಲಿಮೀಟರ್ ಉದ್ದದ ತೆಳು ಪೊರೆ. ಎತ್ತರದ ಸ್ವರಕ್ಕೆ ಪೊರೆಯ ಒಂದು ತುದಿ ಜಾಸ್ತಿ ಅಲುಗುತ್ತದೆ, ತಗ್ಗಿನ ಸ್ವರಕ್ಕೆ ಇನ್ನೊಂದು ತುದಿ. ಅಂದರೆ ಕಿವಿಯೊಳಗೇ ಒಂದು ಕೀಬೋರ್ಡ್ ಇದೆ ಅನ್ನಿ. ಈ ಪೊರೆಯ ಮೇಲೆ ಅಲೆ ಹೇಗೆ ಸಾಗುತ್ತದೆ ಎಂದು ಕಂಡುಹಿಡಿದ ಗೇಯೋರ್ಗ್ ಫಾನ್ ಬೇಕೆಶಿಗೆ 1961ರಲ್ಲಿ ನೊಬೆಲ್ ಬಂತು.

ಆದರೆ ಈ ಕೀಬೋರ್ಡಿನ ಮನೆಗಳು ಚೂಪಾಗಿಲ್ಲ. ಒಂದು ಸ್ವರ ಬಂದರೆ ಅಕ್ಕಪಕ್ಕದ ಜಾಗವೂ ಅಲುಗುತ್ತದೆ. ತೀರಾ ಹತ್ತಿರದ ಎರಡು ಸ್ವರಗಳು ಒಟ್ಟಿಗೆ ಬಂದರೆ ಒಂದೇ ಜಾಗಕ್ಕೆ ಕಿತ್ತಾಡುತ್ತವೆ. 440 ಮತ್ತು 442 ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಸಲ ಶಬ್ದ ಏರಿ ಇಳಿಯುತ್ತದೆ, 'ವಾಂವ್ ವಾಂವ್' ಅಂತ. ಶ್ರುತಿ ಕೂಡಿಸುವವರು ಕಾಯುವುದು ಈ ಅಲುಗಾಟ ನಿಲ್ಲುವ ಗಳಿಗೆಗೇ. ವ್ಯತ್ಯಾಸ ಹೆಚ್ಚಿಸುತ್ತಾ ಹೋದರೆ ಅಲುಗಾಟ ವೇಗವಾಗಿ, ಎಣಿಸಲಾರದಷ್ಟಾಗಿ, ಕೊನೆಗೆ ಒರಟು ಗರಗರ ಆಗುತ್ತದೆ. ಇನ್ನೂ ದೂರ ಹೋದರೆ ಎರಡೂ ಸ್ವರ ಬೇರೆ ಬೇರೆ ಜಾಗ ಹಿಡಿದು ನೆಮ್ಮದಿಯಾಗಿ ಕೇಳುತ್ತವೆ.

ಈಗ ನಮ್ಮ ಪ್ರಯೋಗಕ್ಕೆ ಲೆಕ್ಕ ಹಾಕೋಣ. ಮೇಲಿನ ಸಿ ಸುಮಾರು 523, ಇ ಸುಮಾರು 659. ವ್ಯತ್ಯಾಸ 136. ಪೊರೆಯ ಮೇಲೆ ಇವೆರಡಕ್ಕೂ ಬೇಕಾದಷ್ಟು ಜಾಗ ಇದೆ. ಮೂರು ಸ್ಥಾಯಿ ಕೆಳಗೆ ಅದೇ ಸಿ ಸುಮಾರು 65, ಇ ಸುಮಾರು 82. ವ್ಯತ್ಯಾಸ ಬರೀ 17. ತಗ್ಗಿನ ಸ್ವರಗಳಲ್ಲಿ ಕಿವಿಗೆ ಹತ್ತಿರಹತ್ತಿರ 100 ಕಂಪನದಷ್ಟು ಅಂತರ ಸಿಗದಿದ್ದರೆ ಎರಡನ್ನೂ ಬಿಡಿಸುವುದು ಕಷ್ಟ. 17 ಅಂದರೆ ತಾಳ ಹಾಕಲು ತೀರಾ ವೇಗ, ಸ್ವರ ಆಗಲು ತೀರಾ ನಿಧಾನ. ಆ ನಡುವಿನ ಜಾಗದಲ್ಲೇ ಗರಗರ ಇರುವುದು. ಸಾಲದ್ದಕ್ಕೆ ಆ ಸ್ವರಗಳ ಹಾರ್ಮೋನಿಕ್ಸ್ ಕೂಡ ಪರಸ್ಪರ ಡಿಕ್ಕಿ ಹೊಡೆಯುತ್ತವೆ. ರಾಡಿ ಅಂದರೆ ಇದೇ.

ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 1863ರಲ್ಲೇ ಇದರ ತಿರುಳನ್ನು ಹಿಡಿದಿದ್ದರು. ಎರಡು ಸ್ವರಗಳ ಹಾರ್ಮೋನಿಕ್ಸ್ ಒಂದರ ಮೇಲೊಂದು ಸರಿಯಾಗಿ ಕೂತರೆ ಇಂಪು, ಪಕ್ಕಪಕ್ಕ ಬಿದ್ದು ಜಗಳವಾಡಿದರೆ ಕರ್ಕಶ ಎಂದರು. 1965ರಲ್ಲಿ ಪ್ಲಾಂಪ್ ಮತ್ತು ಲೆವೆಲ್ಟ್ ಎಂಬ ಇಬ್ಬರು ಡಚ್ ಸಂಶೋಧಕರು ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿ, ಎಷ್ಟು ಅಂತರದಲ್ಲಿ ಒರಟುತನ ಅತಿ ಹೆಚ್ಚು ಎಂದು ಅಳೆದರು. ಸಂಯೋಜಕರಿಗೆ ಇದಕ್ಕೂ ಮುಂಚೆ ಕಿವಿಯಿಂದಲೇ ಗೊತ್ತಿತ್ತು. ಒರಟುತನ ತಪ್ಪು ಅಂತ ನಾನು ಹೇಳುತ್ತಿಲ್ಲ. ಭಯ ಹುಟ್ಟಿಸಬೇಕಾದ ಕಡೆ ತಗ್ಗಿನ ಸ್ವರಗಳನ್ನು ಬೇಕೆಂದೇ ಒತ್ತೊತ್ತಾಗಿ ಇಡುವವರಿದ್ದಾರೆ. ಗೊತ್ತಿದ್ದು ಮಾಡಿದರೆ ಅದೂ ಒಂದು ಬಣ್ಣವೇ.

ಎಲ್ಲ ವಾದ್ಯವೂ ತಂತಿಯಲ್ಲ

ಹೆಲ್ಮ್‌ಹೋಲ್ಟ್ಸ್ ಮಾತಿನಲ್ಲಿ ಒಂದು ದೊಡ್ಡ ಸೂಚನೆ ಅಡಗಿದೆ. ಯಾವ ಅಂತರ ಇಂಪು ಎಂಬುದು ವಾದ್ಯದೊಳಗಿನ ಹಾರ್ಮೋನಿಕ್ಸ್ ಮೇಲೆ ನಿಂತಿದೆ. ಅಂದರೆ ವಾದ್ಯ ಬದಲಾದರೆ?

ಇಂಡೊನೇಷ್ಯಾದ ಗಮೆಲಾನ್ ವಾದ್ಯಗಳಲ್ಲಿ ತಂತಿಗಿಂತ ಕಂಚಿನ ಪಟ್ಟಿ ಮತ್ತು ಗಂಟೆಗಳದ್ದೇ ಕಾರುಬಾರು. ಲೋಹದ ಪಟ್ಟಿ ಒಂದು-ಎರಡು-ಮೂರು ಎಂಬ ಲೆಕ್ಕದಲ್ಲಿ ಕಂಪಿಸುವುದಿಲ್ಲ. ಅದರ ಮೇಲಿನ ಸ್ವರಗಳು ಎಲ್ಲೆಲ್ಲೋ ಬೀಳುತ್ತವೆ. ಅಲ್ಲಿನ ಸ್ಲೆಂಡ್ರೊ, ಪೆಲೊಗ್ ಎಂಬ ಸ್ವರಶ್ರೇಣಿಗಳು ಪಿಯಾನೊ ಮನೆಗಳಿಗೆ ಹೊಂದುವುದಿಲ್ಲ, ಆದರೆ ಆ ಕಂಚಿನ ನಾದಕ್ಕೆ ಚೆನ್ನಾಗಿ ಒಗ್ಗುತ್ತವೆ. ಬಾಲಿಯಲ್ಲಂತೂ ಜೋಡಿ ವಾದ್ಯಗಳನ್ನು ಬೇಕೆಂದೇ ಚೂರು ಬೇರೆ ಶ್ರುತಿಗೆ ಕಟ್ಟುತ್ತಾರೆ. ನಾವು ಕಳೆಯಲು ಒದ್ದಾಡುವ 'ವಾಂವ್ ವಾಂವ್' ಅವರಿಗೆ ನಾದದ ಉಸಿರು. ಭೌತಶಾಸ್ತ್ರ ಒಂದೇ, ಅದರಿಂದ ಹುಟ್ಟಿದ ಸಂಗೀತ ಬೇರೆ. ಪ್ರಕೃತಿಯೇ ಒಂದು ಸರಿಯಾದ ಸಂಗೀತವನ್ನು ಬರೆದಿಟ್ಟಿದೆ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಚರ್ಮವಾದ್ಯದ ಕಥೆ ಇನ್ನೂ ಸೊಗಸು. ದುಂಡಗೆ ಬಿಗಿದ ಬರೀ ಚರ್ಮದ ಕಂಪನಗಳು 1, 1.59, 2.14, 2.30 ಎಂಬ ಲೆಕ್ಕದಲ್ಲಿ ಬರುತ್ತವೆ. ಇಂಥ ಒಡೆದ ಲೆಕ್ಕದಲ್ಲಿ ಕಿವಿಗೆ ಸ್ಪಷ್ಟ ಸ್ವರ ಸಿಗುವುದಿಲ್ಲ, ಸುಮ್ನೆ 'ದಬ್' ಅನ್ನುತ್ತದೆ. ಮೃದಂಗ ಹಾಗಲ್ಲ, ಅದು ಶ್ರುತಿಗೆ ಕೂಡುತ್ತದೆ. ಯಾಕೆ? 1920ರಲ್ಲಿ ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ ನೇಚರ್ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಬರೆದರು. ಬಲಗಡೆಯ ಮುಚ್ಚಿಗೆಯ ನಡುವೆ ಇರುವ ಕಪ್ಪು ಕರಣೆ ಚರ್ಮಕ್ಕೆ ಲೆಕ್ಕವಾಗಿ ಭಾರ ಕೊಡುತ್ತದೆ. ನಡುವೆ ದಪ್ಪ, ಅಂಚಿಗೆ ತೆಳು. ಆ ಭಾರದಿಂದ ದಿಕ್ಕೆಟ್ಟ ಕಂಪನಗಳು ಹೆಚ್ಚುಕಡಿಮೆ 1, 2, 3, 4, 5ರ ಸಾಲಿಗೆ ಬಂದು ನಿಲ್ಲುತ್ತವೆ. ಚರ್ಮ ತಂತಿಯಂತೆ ಹಾಡತೊಡಗುತ್ತದೆ. ಕರಣೆಯನ್ನು ಪದರ ಪದರವಾಗಿ ಹಚ್ಚಿ, ತಿಕ್ಕಿ, ತಟ್ಟಿ ಕೇಳಿ, ಮತ್ತೆ ಹಚ್ಚಿದ ಆ ಕುಶಲಕರ್ಮಿಗಳಿಗೆ ಸಮೀಕರಣ ಗೊತ್ತಿರಲಿಲ್ಲ. ಉತ್ತರ ಮಾತ್ರ ಸರಿಯಾಗಿ ಗೊತ್ತಿತ್ತು. ಇದನ್ನು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ರಾಮನ್ ಮರುವರ್ಷ ತಂಬೂರಿ, ವೀಣೆಗಳ ಬಗ್ಗೆಯೂ ಬರೆದರು. ತಂಬೂರಿಯ ಕುದುರೆ, ಅಂದರೆ ತಂತಿಗಳು ಹಾದುಹೋಗುವ ಆಸರೆ, ಚೂಪಾಗಿಲ್ಲ, ಅಗಲವಾಗಿ ಬಾಗಿದೆ. ಅದರ ಮೇಲೆ ತಂತಿಯಡಿ ಒಂದು ದಾರದ ಎಳೆ ಇಡುತ್ತಾರೆ. ಅದಕ್ಕೆ ಜೀವ ಎಂದು ಹೆಸರು. ಎಂಥ ಸರಿಯಾದ ಹೆಸರು! ಎಳೆ ಸರಿಯಾದ ಜಾಗಕ್ಕೆ ಬಂದಾಗ ತಂತಿ ಕುದುರೆಯನ್ನು ಸವರುತ್ತಾ ಕಂಪಿಸುತ್ತದೆ, ಮೇಲಿನ ಹಾರ್ಮೋನಿಕ್ಸ್‌ಗೆ ಶಕ್ತಿ ಹರಿಯುತ್ತದೆ. ತಂಬೂರಿಯ ತಂತಿಗಳನ್ನು ಸಾಮಾನ್ಯವಾಗಿ ಕೂಡಿಸುವುದು ಪ ಮತ್ತು ಸ ಸ್ವರಗಳಿಗೆ ಮಾತ್ರ. ಆದರೂ ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಗಾಂಧಾರ ನುಡಿಯುತ್ತದೆ. ಅದು ಐದನೆಯ ಹಾರ್ಮೋನಿಕ್, ನಮ್ಮ ಲೆಕ್ಕದ 550. ಹಾಡುಗಾರರು ತಮ್ಮ ಗಾಂಧಾರವನ್ನು ಅದರ ಮೇಲೆ ಇಟ್ಟು ನೋಡುತ್ತಾರೆ. ಹಿಂದೆ ಒಂದೇ ನಾದ ನಿರಂತರ ಇದ್ದರೆ ಮುಂದೆ ಹಾಡುವ ಸ್ವರದ ಕೂದಲೆಳೆಯಷ್ಟು ವ್ಯತ್ಯಾಸವೂ ಅರ್ಥ ಪಡೆಯುತ್ತದೆ. ರಾಗ ನಿಂತಿರುವುದೇ ಆ ನೆಲದ ಮೇಲೆ.

ಹಾಗಾದರೆ ಪಿಯಾನೊದಲ್ಲಿ ಆ ಶುದ್ಧ ಗಾಂಧಾರ ಯಾಕಿಲ್ಲ? ಅದಕ್ಕೊಂದು ಲೆಕ್ಕದ ತೊಡಕಿದೆ. ಸ-ಪ ಅಂತರ ಅಂದರೆ ಒಂದೂವರೆ ಪಟ್ಟು. ಹನ್ನೆರಡು ಸಲ ಪಂಚಮ ಹತ್ತಿದರೆ ಏಳು ಸ್ಥಾಯಿ ಮೇಲಿನ ಷಡ್ಜ ಸಿಗಬೇಕು. ಆದರೆ 1.5 ಅನ್ನು ಹನ್ನೆರಡು ಸಲ ಗುಣಿಸಿದರೆ ಸುಮಾರು 129.75. ಎರಡನ್ನು ಏಳು ಸಲ ಗುಣಿಸಿದರೆ 128. ಸಣ್ಣ ಚೂರು ಮಿಕ್ಕುತ್ತದೆ. ಒಂದೇ ಷಡ್ಜವನ್ನು ನೆಚ್ಚಿದ ಸಂಗೀತಕ್ಕೆ ಇದು ತಲೆನೋವೇ ಅಲ್ಲ. ನಡುನಡುವೆ ಷಡ್ಜವನ್ನೇ ಬದಲಿಸುವ ಸಂಗೀತಕ್ಕೆ ದೊಡ್ಡ ತಲೆನೋವು, ಯಾಕೆಂದರೆ ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಕೊನೆಗೆ ಆ ಚೂರನ್ನು ಹನ್ನೆರಡು ಮನೆಗೂ ಸಮನಾಗಿ ಹಂಚಿದರು. ಚೀನಾದ ಜು ಜೈಯು 1584ರಲ್ಲಿ ಈ ಲೆಕ್ಕವನ್ನು ನಿಖರವಾಗಿ ಮಾಡಿದ್ದರು. ಈ ಹಂಚಿಕೆಯಲ್ಲಿ ಪಂಚಮ ಹೆಚ್ಚುಕಡಿಮೆ ಉಳಿಯಿತು. ಗಾಂಧಾರ ಮಾತ್ರ ಅರ್ಧಸ್ವರದ, ಅಂದರೆ ಅಕ್ಕಪಕ್ಕದ ಎರಡು ಮನೆಗಳ ಅಂತರದ, ಏಳನೇ ಒಂದು ಭಾಗದಷ್ಟು ಮೇಲಕ್ಕೆ ಸರಿಯಿತು. ಬೆಲೆ ಕೊಟ್ಟದ್ದಕ್ಕೆ ಸಿಕ್ಕಿದ್ದು ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ. ಆ ಸ್ವಾತಂತ್ರ್ಯದ ಮೇಲೆ ಇಡೀ ಒಂದು ಸಂಗೀತ ಪರಂಪರೆ ಬೆಳೆದಿದೆ.

ಮಾತು ಎಲ್ಲಿ ಕಳೆದುಹೋಗುತ್ತದೆ

ಹಾಡು ಕಟ್ಟುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ವಿಷಯ. 'ಇ' ಮತ್ತು 'ಆ' ನಡುವಿನ ವ್ಯತ್ಯಾಸ ಏನು? ಶ್ರುತಿ ಅಲ್ಲ. ಬಾಯಿಯ ಆಕಾರ ಬದಲಾದಾಗ ಕೆಲವು ಹಾರ್ಮೋನಿಕ್ಸ್ ಎದ್ದು ಕಾಣುತ್ತವೆ, ಉಳಿದವು ತಗ್ಗುತ್ತವೆ. 'ಇ' ಗೆ 300ರ ಆಸುಪಾಸಿನಲ್ಲಿ ಒಂದು ಉಬ್ಬು ಬೇಕು. 'ಆ' ಗೆ ಅದು 700-800ರ ಕಡೆ. ಈಗ ಒಬ್ಬ ಗಾಯಕಿ 880ರ ಎತ್ತರದಲ್ಲಿ 'ಇ' ಹಾಡುತ್ತಾರೆ ಅನ್ನಿ. ಅವರ ದನಿಯ ಅತಿ ಕೆಳಗಿನ ಕಂಪನವೇ 880. 300ರಲ್ಲಿ ಏನೂ ಇಲ್ಲ. 'ಇ' ಯ ಗುರುತೇ ಅಲ್ಲಿ ಇಲ್ಲದ ಮೇಲೆ ಕಿವಿ ಅದನ್ನು ಹುಡುಕುವುದೆಲ್ಲಿ? ಅಷ್ಟು ಎತ್ತರದಲ್ಲಿ ಎಲ್ಲವೂ 'ಆ' ಕಾರಕ್ಕೆ ಹತ್ತಿರವಾಗುತ್ತವೆ. ಗಾಯಕಿಯ ಉಚ್ಚಾರ ಕೆಟ್ಟದ್ದು ಅಂತ ಬೈದು ಪ್ರಯೋಜನವಿಲ್ಲ. ಕೇಳುಗರಿಗೆ ಮುಟ್ಟಲೇಬೇಕಾದ ಮಾತನ್ನು ನಡುಸ್ಥಾಯಿಯಲ್ಲಿ ಇಟ್ಟು, ತುತ್ತತುದಿಗೆ ಅಕಾರ ಬಿಡುವುದು ಜಾಣತನ.

ಮೈಕ್ ಇಲ್ಲದೆ ಒಬ್ಬ ಆಪೆರಾ ಗಾಯಕ ಇಡೀ ಆರ್ಕೆಸ್ಟ್ರಾ ಮೀರಿ ಕೇಳುವುದು ಹೇಗೆ? ಅದು ಬರೀ ಗಂಟಲಿನ ಜೋರಲ್ಲ. ಆರ್ಕೆಸ್ಟ್ರಾದ ಶಕ್ತಿ 500ರ ಸುತ್ತ ದಟ್ಟವಾಗಿದ್ದು ಮೇಲೆ ಹೋದಂತೆ ತೆಳುವಾಗುತ್ತದೆ. ಪಳಗಿದ ಗಾಯಕ ಗಂಟಲನ್ನು ಹೊಂದಿಸಿಕೊಂಡು 3000ರ ಹತ್ತಿರ ಒಂದು ಉಬ್ಬು ತರುತ್ತಾನೆ. ಅಲ್ಲಿ ಪೈಪೋಟಿ ಕಡಿಮೆ. ನಮ್ಮ ಕಿವಿಯ ಕಾಲುವೆಯೂ ಅದೇ ಜಾಗದಲ್ಲಿ ಅನುರಣಿಸುವಷ್ಟು ಉದ್ದ ಇದೆ. ಸ್ವೀಡನ್ನಿನ ಸಂಶೋಧಕ ಯೊಹಾನ್ ಸುಂಡ್‌ಬೆರಿ ಇದನ್ನು ಬಿಡಿಸಿ ತೋರಿಸಿದರು. ದಾರಿ ಖಾಲಿ ಇರುವ ಕಡೆ ನುಗ್ಗುವುದು ಅಂದರೆ ಇದು. ಹತ್ತು ಪಿಟೀಲು ಸೇರಿದರೂ ನಮ್ಮ ಕಿವಿಗೆ ಒಂದರ ಎರಡರಷ್ಟು ಮಾತ್ರ ಜೋರು ಅನಿಸುತ್ತದೆ. ಹಾಗಾಗಿ ಒಂದು ಎಳೆ ಎದ್ದು ಕೇಳಬೇಕಾದರೆ ವಾದ್ಯ ಸೇರಿಸುವುದಕ್ಕಿಂತ ಅದರ ಜಾಗ ಖಾಲಿ ಮಾಡಿಕೊಡುವುದು ಮೇಲು.

ಇನ್ನು ಗೋಡೆಗಳು. 1895ರಲ್ಲಿ ಹಾರ್ವರ್ಡ್‌ನ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡು ಅಲ್ಲೇ ಸುತ್ತುತ್ತಿತ್ತು. ವಾಲೆಸ್ ಸೇಬಿನ್ ಎಂಬ ಯುವ ಅಧ್ಯಾಪಕ ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಒಂದು ಆರ್ಗನ್ ಕೊಳವೆ ಊದಿಸಿ, ಶಬ್ದ ಅಡಗಲು ಎಷ್ಟು ಹೊತ್ತು ಬೇಕು ಎಂದು ಅಳೆಯುತ್ತಾ ಹೋದರು. ಕೋಣೆ ದೊಡ್ಡದಾದಷ್ಟೂ ಮಾರ್ದನಿ ಜಾಸ್ತಿ, ಶಬ್ದ ಹೀರುವ ವಸ್ತು ಹೆಚ್ಚಿದಷ್ಟೂ ಕಡಿಮೆ ಎಂಬ ಸೂತ್ರ ಹಾಗೆ ಹುಟ್ಟಿತು. ಅವರ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ಸಂಯೋಜಕರು ಇದಕ್ಕೂ ಮುಂಚೆಯೇ ಕಟ್ಟಡಕ್ಕೆ ತಕ್ಕಂತೆ ಬರೆಯುತ್ತಿದ್ದರು. ಮಾರ್ದನಿ ಹತ್ತು ಸೆಕೆಂಡು ಉಳಿಯುವ ಕಡೆ ಈಗ ಹಾಡಿದ ಸ್ವರ ಮುಂದಿನ ನಾಲ್ಕಾರು ಸ್ವರಗಳ ಮೇಲೆ ಹಾಸಿಕೊಂಡಿರುತ್ತದೆ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಅಂಥ ಜಾಗ. ಅಲ್ಲಿ ಬಿರುಸಾಗಿ ಹಾಡಿದರೆ ಎಲ್ಲ ಕಲಸಿಹೋಗುತ್ತದೆ. ನಿಧಾನವಾದ ಒಂದೇ ಎಳೆಯ ಹಾಡು ತನ್ನದೇ ನೆರಳಿನ ಜೊತೆ ಸೇರಿ ಮೇಳವಾಗುತ್ತದೆ. ವೆನಿಸ್‌ನ ಸಂತ ಮಾರ್ಕನ ಚರ್ಚಿನಲ್ಲಿ ಜೋವಾನಿ ಗಾಬ್ರಿಯೆಲಿ ಎಂಬ ಸಂಯೋಜಕ ಹಾಡುಗಾರರನ್ನೂ ವಾದ್ಯದವರನ್ನೂ ಬೇರೆ ಬೇರೆ ಗುಂಪಾಗಿ ಬಿಡಿಸಿ, ಒಂದು ಗುಂಪು ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಡುವ ಹಾಗೆ ಬರೆದರು. ಅದೇ ಕೃತಿಯನ್ನು ಮೆತ್ತೆ, ಪರದೆ ತುಂಬಿದ ಸಣ್ಣ ಕೋಣೆಯಲ್ಲಿ ನುಡಿಸಿದರೆ ಎಲುಬಷ್ಟೇ ಉಳಿಯುತ್ತದೆ.

ತಾಳವೇ ಸ್ವರವಾಗುವ ಜಾಗ

ಆ 17ರ ಲೆಕ್ಕ ನೆನಪಿದೆಯಲ್ಲ? ತಾಳಕ್ಕೆ ವೇಗ, ಸ್ವರಕ್ಕೆ ನಿಧಾನ. ಅಲ್ಲಿಗೆ ಇನ್ನೊಮ್ಮೆ ಹೋಗೋಣ.

ಎಡಗೈಯಲ್ಲಿ ಸೆಕೆಂಡಿಗೆ ಎರಡು ಪೆಟ್ಟು, ಬಲಗೈಯಲ್ಲಿ ಮೂರು ಪೆಟ್ಟು ಹಾಕಿ. ಎರಡಕ್ಕೆ ಮೂರರ ನಡೆ. ಇದನ್ನು ಕಂಪ್ಯೂಟರಿನಲ್ಲಿ ನೂರು ಪಟ್ಟು ವೇಗ ಮಾಡಿದರೆ 200 ಮತ್ತು 300 ಕಂಪನ. ಅದು ಸ ಮತ್ತು ಪ! ನಾಲ್ಕಕ್ಕೆ ಐದರ ನಡೆಯನ್ನು ವೇಗ ಮಾಡಿದರೆ ಸ ಮತ್ತು ಗ. ಸೆಕೆಂಡಿಗೆ ಸುಮಾರು ಇಪ್ಪತ್ತು ಪೆಟ್ಟು ದಾಟುವ ಹೊತ್ತಿಗೆ ಕಿವಿ ಎಣಿಸುವುದನ್ನು ಬಿಟ್ಟು ಹಾಡು ಕೇಳತೊಡಗುತ್ತದೆ. ಲಯ, ಶ್ರುತಿ ಎರಡು ಬೇರೆ ಲೋಕ ಎಂದು ನಾವು ಕಲಿಯುತ್ತೇವೆ. ಗಾಳಿಗೆ ಅವೆರಡೂ ಒಂದೇ. ಗೆರೆ ಎಳೆದಿರುವುದು ನಮ್ಮ ಕಿವಿ. ಜರ್ಮನ್ ಸಂಯೋಜಕ ಸ್ಟಾಕ್‌ಹೌಸನ್ 1960ರಲ್ಲಿ ಮುಗಿಸಿದ 'ಕೊಂಟಾಕ್ಟೆ' ಕೃತಿಯಲ್ಲಿ ಒಂದು ಸ್ವರ ಕೆಳಕ್ಕೆ ಜಾರುತ್ತಾ ಜಾರುತ್ತಾ ಬಿಡಿಬಿಡಿ ಪೆಟ್ಟುಗಳಾಗಿ ಕಳಚಿಕೊಳ್ಳುತ್ತದೆ. ಕೇಳುವವರು ಆ ಗೆರೆಯನ್ನು ಕಿವಿಯಾರೆ ದಾಟುತ್ತಾರೆ.

1975ರಲ್ಲಿ ಜೆರಾರ್ ಗ್ರಿಸೆ ಎಂಬ ಫ್ರೆಂಚ್ ಸಂಯೋಜಕ ಇನ್ನೊಂದು ದಿಕ್ಕಿನಿಂದ ಬಂದರು. ಟ್ರೊಂಬೋನಿನ ಒಂದು ತಗ್ಗಿನ ಸ್ವರವನ್ನು ಯಂತ್ರದಲ್ಲಿ ಬಿಡಿಸಿ, ಅದರೊಳಗೆ ಯಾವ ಹಾರ್ಮೋನಿಕ್ ಎಷ್ಟು ಜೋರಾಗಿದೆ, ಯಾವುದು ಮೊದಲು ಏಳುತ್ತದೆ, ಯಾವುದು ತಡವಾಗಿ ಎಂದು ನೋಡಿಕೊಂಡರು. ಆಮೇಲೆ ಒಂದೊಂದು ಹಾರ್ಮೋನಿಕ್ ಅನ್ನು ಒಂದೊಂದು ವಾದ್ಯಕ್ಕೆ ಹಂಚಿ 'ಪಾರ್ಸಿಯೆಲ್' ಎಂಬ ಕೃತಿ ಬರೆದರು. ಟ್ರೊಂಬೋನ್ ಆ ಸ್ವರವನ್ನು ಊದುತ್ತದೆ, ಜೊತೆಗೆ ಡಬಲ್ ಬೇಸ್. ಅದು ಅಡಗುವ ಮುಂಚೆ ಉಳಿದ ವಾದ್ಯಗಳು ಒಂದೊಂದಾಗಿ ಎದ್ದು ಅದೇ ಸ್ವರವನ್ನು ದೊಡ್ಡದಾಗಿ ಬಿಡಿಸಿ ಹಿಡಿಯುತ್ತವೆ. ಕೆಳಗಿನ ವಾದ್ಯಗಳ ನಡುವೆ ಅಗಲ ಜಾಗ, ಮೇಲಿನವು ಒತ್ತೊತ್ತಾಗಿ. ಮೇಲಿನ ಕೆಲವು ಸ್ವರಗಳು ಪಿಯಾನೊದ ಯಾವ ಮನೆಯಲ್ಲೂ ಸಿಗುವಂಥವಲ್ಲ. ಒಂದು ಕ್ಷಣ ಹಲವು ವಾದ್ಯಗಳು ಕೇಳುತ್ತವೆ. ಮರುಕ್ಷಣ ಅವೆಲ್ಲ ಕರಗಿ ಯಾವ ವಾದ್ಯದ್ದೂ ಅಲ್ಲದ ಒಂದೇ ನಾದ ಎದ್ದು ನಿಲ್ಲುತ್ತದೆ. ಇಯರ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಮೊದಲ ಐದು ನಿಮಿಷ ಕೇಳಿ.